ಸಂವಿಧಾನವನ್ನು ಪರೀಕ್ಷೆಗೆ ಕೂರಿಸಿದ ಕೈದಿ

ಸಂವಿಧಾನ ಬೂರ್ಜ್ವಾಗಳ ಕಾಗದ ಎನ್ನುತ್ತಿದ್ದ ಪಕ್ಷದ ನಾಯಕ ಎ.ಕೆ. ಗೋಪಾಲನ್. ಜೈಲಿನೊಳಗಿಂದಲೇ ಅದೇ ಸಂವಿಧಾನದ ಕದ ತಟ್ಟಿದರು, ಸೋತರು. ಆ ಸೋಲು ತಿದ್ದುಪಡಿಯಾಗಲು 28 ವರ್ಷ ಹಿಡಿಯಿತು. ಈ ಕಥೆಯ ಅರ್ಧ ಪಾತ್ರಗಳು ಬಂದದ್ದು ನಮ್ಮ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಿಂದ!

1947ರ ಆಗಸ್ಟ್ 14ರ ರಾತ್ರಿ. ಕಣ್ಣೂರಿನ ಸೆಂಟ್ರಲ್ ಜೈಲಿನ ನಾಲ್ಕೂ ಮೂಲೆಗಳಿಂದ ಜೈಕಾರ ಏಳುತ್ತಿದೆ. ಕಳ್ಳತನಕ್ಕೆ ಬಂದವರು, ಕೊಲೆಗೆ ಬಂದವರು ಎಲ್ಲರೂ ಭಾರತ ಮಾತೆಗೆ, ಮಹಾತ್ಮನಿಗೆ ಜೈ ಎನ್ನುತ್ತಿದ್ದಾರೆ. ಒಂಟಿ ಕೋಣೆಯಲ್ಲಿದ್ದ ರಾಜಕೀಯ ಕೈದಿಯೊಬ್ಬರಿಗೆ ಮಾತ್ರ ನಿದ್ದೆ ಹತ್ತುತ್ತಿಲ್ಲ. ಅಷ್ಟು ದೊಡ್ಡ ಜೈಲಿನಲ್ಲಿ ಅವರಂಥವರು ಬೇರೆ ಯಾರೂ ಇಲ್ಲ.

ಮಲಬಾರಿನಲ್ಲಿ ಕಾಂಗ್ರೆಸ್ಸನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಕೇರಳ ಪ್ರದೇಶ ಕಾಂಗ್ರೆಸ್ಸಿನ ಕಾರ್ಯದರ್ಶಿಯಾಗಿದ್ದವರು, ಅಧ್ಯಕ್ಷರೂ ಆಗಿದ್ದವರು, ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆ ಕಂಡವರು. ಈಗ ಅವರನ್ನು ಒಳಗಿಟ್ಟಿರುವುದು ಬ್ರಿಟಿಷರಲ್ಲ, ಮದ್ರಾಸಿನ ಕಾಂಗ್ರೆಸ್ ಸರ್ಕಾರ.

ಬೆಳಗಾಯಿತು. ತಮ್ಮ ಬಳಿ ಜೋಪಾನವಾಗಿಟ್ಟುಕೊಂಡಿದ್ದ ರಾಷ್ಟ್ರಧ್ವಜವನ್ನು ಹಿಡಿದು ಅವರು ಜೈಲಿನ ಆವರಣದ ಈ ತುದಿಯಿಂದ ಆ ತುದಿಗೆ ನಡೆದರು. ಕೈದಿಗಳೆಲ್ಲ ಸೇರಿದ್ದ ಕಟ್ಟಡದ ಮೇಲೆ ಬಾವುಟ ಏರಿತು. ಸ್ವಾತಂತ್ರ್ಯ ಎಂದರೇನು ಎಂದು ಅವರು ಆ ಕೈದಿಗಳಿಗೆ ಭಾಷಣ ಮಾಡಿದರು. ಭಾಷಣ ಮುಗಿಸಿ ಮತ್ತೆ ಕೋಣೆಗೆ.

ಅವರೇ ಆಯಿಲ್ಯತ್ ಕುಟ್ಟಿಯಾರಿ ಗೋಪಾಲನ್. ಮಲಯಾಳಿಗಳ ಬಾಯಲ್ಲಿ, ಕಾಸರಗೋಡಿನ ಕನ್ನಡಿಗರ ಬಾಯಲ್ಲೂ ಎಕೆಜಿ.

ನವೆಂಬರ್ 26 ಬಂತೆಂದರೆ ನಮ್ಮ ಶಾಲೆ, ಕಚೇರಿಗಳಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಓದಿಸುವುದು ಒಳ್ಳೆಯದೇ. ಆದರೆ ಸ್ವಾತಂತ್ರ್ಯ, ನ್ಯಾಯ ಎಂಬ ಆ ಪದಗಳಿಗೆ ಕೋರ್ಟಿನಲ್ಲಿ ಎಷ್ಟು ಬೆಲೆ ಎಂದು ಮೊದಲು ಕೇಳಿ ನೋಡಿದ ದೊಡ್ಡ ಗಿರಾಕಿ ಸಂವಿಧಾನದ ಭಕ್ತನೇನೂ ಆಗಿರಲಿಲ್ಲ ಎಂಬುದನ್ನು ಯಾರೂ ಹೇಳುವುದಿಲ್ಲ.

ಮೇಷ್ಟ್ರು ಬೀದಿಗಿಳಿದದ್ದು

ಕಣ್ಣೂರಿನ ಹತ್ತಿರದ ಪೆರಳಶ್ಶೇರಿಯಲ್ಲಿ 1904ರ ಅಕ್ಟೋಬರ್ 1ರಂದು ಹುಟ್ಟಿದ ಗೋಪಾಲನ್ ಮೊದಲು ಶಾಲಾ ಮೇಷ್ಟ್ರು. ಏಳೆಂಟು ವರ್ಷ ಪಾಠ ಹೇಳಿದ ಮೇಲೆ ಗಾಂಧಿಯ ಕರೆಗೆ ಓಗೊಟ್ಟು ಕೆಲಸ ಬಿಟ್ಟರು. 1930ರಲ್ಲಿ ಜೈಲು. ಅಲ್ಲಿಂದ ಮುಂದೆ ಅವರ ಬದುಕಿನ ಕಥೆಯನ್ನು ಜೈಲುಗಳ ಹೆಸರಿನಲ್ಲೇ ಹೇಳಬಹುದು.

ಪಯ್ಯನ್ನೂರಿನ ಬಳಿಯ ಕಂಡೋತ್ತ್ ಎಂಬಲ್ಲಿ ದಲಿತರಿಗೆ ನಿಷಿದ್ಧವಾಗಿದ್ದ ದಾರಿಯಲ್ಲಿ ಅವರನ್ನೇ ಕರೆದುಕೊಂಡು ಮೆರವಣಿಗೆ ಹೋಗಿ ಚೆನ್ನಾಗಿ ಪೆಟ್ಟು ತಿಂದರು. 1931ರ ಗುರುವಾಯೂರು ದೇವಸ್ಥಾನ ಪ್ರವೇಶ ಸತ್ಯಾಗ್ರಹದಲ್ಲಿ ಸ್ವಯಂಸೇವಕರ ದಳಕ್ಕೆ ಅವರೇ ನಾಯಕ. ಅಲ್ಲೂ ಹೊಡೆತ ತಪ್ಪಲಿಲ್ಲ.

1936ರಲ್ಲಿ ಮಲಬಾರಿನಿಂದ ಮದ್ರಾಸಿಗೆ ಹಸಿವಿನ ಜಾಥಾ ಹೊರಟಿತು. ಕೆಲಸವಿಲ್ಲದವರು, ಹೊಟ್ಟೆಗಿಲ್ಲದವರು ಊರೂರು ದಾಟಿ ಅರಬ್ಬಿ ಸಮುದ್ರದ ಬದಿಯಿಂದ ಬಂಗಾಳ ಕೊಲ್ಲಿಯ ತೀರಕ್ಕೆ ನಡೆದರು. ಮುಂದೆ ಗೋಪಾಲನ್. ಎಕೆಜಿಯನ್ನು ಸಿದ್ಧಾಂತದ ಪುಸ್ತಕಗಳು ಕೆಂಪಾಗಿಸಿದ್ದಕ್ಕಿಂತ ಈ ನಡಿಗೆಗಳು ಕೆಂಪಾಗಿಸಿದ್ದೇ ಹೆಚ್ಚು. ಇ.ಎಂ.ಎಸ್. ನಂಬೂದಿರಿಪಾಡ್ ಪಕ್ಷದ ತಲೆಯಾದರೆ ಇವರು ಅದರ ಕಾಲು.

ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದಲ್ಲಿದ್ದ ಕೇರಳದ ಗುಂಪು 1939ರ ಹೊತ್ತಿಗೆ ಇಡಿಯಾಗಿ ಕಮ್ಯುನಿಸ್ಟ್ ಪಕ್ಷವಾಯಿತು. ಯುದ್ಧ ಶುರುವಾಯಿತು, ಬಂಧನವಾಯಿತು. 1941ರಲ್ಲಿ ವೆಲ್ಲೂರು ಜೈಲಿನಿಂದ ಎಕೆಜಿ ಸಂಗಾತಿಗಳೊಂದಿಗೆ ಪರಾರಿ. ಆಮೇಲೆ ವರ್ಷಗಟ್ಟಲೆ ಭೂಗತ.

ಅದೇ 1941ರಲ್ಲಿ ಅಂದಿನ ದಕ್ಷಿಣ ಕನ್ನಡ ಜಿಲ್ಲೆಯ ದಕ್ಷಿಣದ ತುದಿಯಲ್ಲಿದ್ದ ಕಯ್ಯೂರಿನಲ್ಲಿ ರೈತರ ಮೆರವಣಿಗೆಯ ಎದುರು ಸಿಕ್ಕಿದ ಪೊಲೀಸ್ ಪೇದೆಯೊಬ್ಬ ಹೊಳೆಯ ಪಾಲಾದ. ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ನಿರಂಜನರ ‘ಚಿರಸ್ಮರಣೆ’ ಓದಿದವರಿಗೆ ಈ ಕಥೆ ಗೊತ್ತು. ಎಕೆಜಿ ಸ್ವಾತಂತ್ರ್ಯದ ರಾತ್ರಿ ಕಳೆದದ್ದು ಅದೇ ಜೈಲಿನಲ್ಲಿ.

ಈ ಸ್ವಾತಂತ್ರ್ಯ ಸುಳ್ಳು!

ಇಲ್ಲಿ ಸ್ವಲ್ಪ ನಿಂತು ಸರ್ಕಾರದ ಕಡೆಯಿಂದಲೂ ನೋಡಬೇಕು. ಎಕೆಜಿಯನ್ನು ಅಮಾಯಕ ಎಂದು ಬರೆದರೆ ಅವರಿಗೇ ಅವಮಾನ.

1948ರ ಆರಂಭದಲ್ಲಿ ಕಲ್ಕತ್ತೆಯಲ್ಲಿ ನಡೆದ ಕಮ್ಯುನಿಸ್ಟ್ ಪಕ್ಷದ ಮಹಾಧಿವೇಶನ ಬಿ.ಟಿ. ರಣದಿವೆಯವರ ಹಾದಿ ಹಿಡಿಯಿತು. ಬಂದದ್ದು ನಿಜವಾದ ಸ್ವಾತಂತ್ರ್ಯವಲ್ಲ, ನೆಹರೂ ಸರ್ಕಾರವನ್ನು ಉರುಳಿಸುವುದೇ ಮುಂದಿನ ಕೆಲಸ ಎಂಬುದು ಅದರ ಸಾರ. ತೆಲಂಗಾಣದಲ್ಲಿ ಬಂದೂಕು ಹಿಡಿದ ಹೋರಾಟ ನಡೆಯುತ್ತಿತ್ತು. ಲೆಕ್ಕಾಚಾರ ಎಷ್ಟು ತಪ್ಪಾಗಿತ್ತು ಎಂಬುದನ್ನು ಕೆಲವೇ ವರ್ಷಗಳಲ್ಲಿ ಪಕ್ಷವೇ ಒಪ್ಪಿಕೊಂಡಿತು. ಆದರೆ 1948ರಲ್ಲಿ ಅದು ಬರೀ ಬಾಯಿಮಾತಾಗಿರಲಿಲ್ಲ.

ಎಕೆಜಿ ಸ್ವಾತಂತ್ರ್ಯಾನಂತರ ಕೆಲ ಕಾಲ ಹೊರಗಿದ್ದರು. 1947ರ ಡಿಸೆಂಬರಿನಲ್ಲಿ, ಎಂದರೆ ಕಲ್ಕತ್ತೆಯ ಅಧಿವೇಶನಕ್ಕೂ ಮೊದಲೇ, ಮತ್ತೆ ಬಂಧನ. ಮೊಕದ್ದಮೆಗಳು ನಡೆದು ಶಿಕ್ಷೆಯಾದವು. ಮೇಲಿನ ಕೋರ್ಟುಗಳಲ್ಲಿ ಆ ಶಿಕ್ಷೆಗಳು ರದ್ದಾದವು. ಆದರೂ ಅವರು ಹೊರಗೆ ಬರಲಿಲ್ಲ. ಶಿಕ್ಷೆ ರದ್ದಾದರೆ ಬಂಧನದ ಆದೇಶ ಇದ್ದೇ ಇತ್ತು.

ಮುಂಜಾಗ್ರತಾ ಬಂಧನ ಎಂದರೆ ಅದೇ. ಮಾಡಿದ ಕೆಲಸಕ್ಕೆ ಶಿಕ್ಷೆಯಲ್ಲ, ಮುಂದೆ ಮಾಡಿಯಾನು ಎಂಬ ಅನುಮಾನಕ್ಕೆ ಸೆರೆ. ಆರೋಪಪಟ್ಟಿ ಬೇಡ, ಸಾಕ್ಷಿ ಬೇಡ, ವಿಚಾರಣೆ ಬೇಡ. ಬ್ರಿಟಿಷರ ರೌಲತ್ ಕಾಯ್ದೆಯ ವಿರುದ್ಧ ಬೀದಿಗಿಳಿದು ದೊಡ್ಡವರಾದ ನಾಯಕರು ಗದ್ದುಗೆ ಏರಿದ ಮೇಲೆ ಅಂಥದ್ದೇ ಅಧಿಕಾರ ತಮಗೂ ಬೇಕೆಂದರು. ಯುದ್ಧಕಾಲಕ್ಕಷ್ಟೇ ಅಲ್ಲ, ಶಾಂತಿಕಾಲಕ್ಕೂ!

ಮಂಗಳೂರಿನ ಬೆನೆಗಲ್ ಅಮೆರಿಕಕ್ಕೆ ಹೋದದ್ದು

ಸಂವಿಧಾನ ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ ಮಂಗಳೂರಿನಲ್ಲಿ, ಓದಿದ್ದು ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ. ಆಮೇಲೆ ಮದ್ರಾಸು, ಕೇಂಬ್ರಿಜ್, ಐಸಿಎಸ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೈಗೆತ್ತಿಕೊಂಡ ಮೊದಲ ಕರಡು ಇವರು ಸಿದ್ಧಪಡಿಸಿದ್ದು.

ವ್ಯಕ್ತಿಯ ಜೀವ, ಸ್ವಾತಂತ್ರ್ಯಗಳನ್ನು ಕಸಿಯಬೇಕಾದರೆ ಏನಿರಬೇಕು? ಅಮೆರಿಕದ ಸಂವಿಧಾನ ‘ಡ್ಯೂ ಪ್ರಾಸೆಸ್’ ಎನ್ನುತ್ತದೆ. ಕಾನೂನು ಇದ್ದರಷ್ಟೇ ಸಾಲದು, ಅದು ನ್ಯಾಯವಾಗಿಯೂ ಇರಬೇಕು, ಇದೆಯೋ ಇಲ್ಲವೋ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ. ನಮ್ಮಲ್ಲೂ ಮೊದಲು ಇದ್ದದ್ದು ಅದೇ.

1947ರ ಕೊನೆಯಲ್ಲಿ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಜನ ಆರಿಸಿದ ಶಾಸನಸಭೆಯ ಕಾನೂನನ್ನು ಬೆರಳೆಣಿಕೆಯ ನ್ಯಾಯಾಧೀಶರು ಹೊಡೆದುಹಾಕುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದಲ್ಲ, ನ್ಯಾಯಾಂಗಕ್ಕೂ ಅದು ಹೊರಲಾರದ ಹೊರೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯ. ಅವರ ಮಾತಿಗೆ ಕಾರಣವಿತ್ತು. ಕಾರ್ಮಿಕರ ಪರವಾದ ಎಷ್ಟೋ ಕಾನೂನುಗಳನ್ನು ಅಮೆರಿಕದ ಕೋರ್ಟು ಇದೇ ಡ್ಯೂ ಪ್ರಾಸೆಸ್ ಹೆಸರಿನಲ್ಲಿ ಕೊಂದಿತ್ತು.

ರಾವ್ ಮರಳಿದರು. ಕರಡಿನಲ್ಲಿ ಡ್ಯೂ ಪ್ರಾಸೆಸ್ ಹೋಯಿತು. ‘ಕಾನೂನು ವಿಧಿಸಿದ ಕಾರ್ಯವಿಧಾನ’ ಎಂಬುದು ಅದರ ಜಾಗಕ್ಕೆ ಬಂತು. ಜಪಾನಿನ ಹೊಸ ಸಂವಿಧಾನದಲ್ಲಿ ಇದ್ದಂತೆ. ಸಂಸತ್ತು ಕಾನೂನು ಮಾಡಿದೆಯೇ, ಅದರ ಪ್ರಕಾರ ಹಿಡಿದಿದ್ದಾರೆಯೇ? ಸರಿ, ಮುಗಿಯಿತು.

ಸಂವಿಧಾನ ಸಭೆಯಲ್ಲಿ ಗಲಾಟೆಯಾಯಿತು. ಕೆ.ಎಂ. ಮುನ್ಷಿಯಂಥವರು ವಿರೋಧಿಸಿದರು. ಅಂಬೇಡ್ಕರ್ ಸ್ವತಃ ಎರಡೂ ಕಡೆಯ ಅಪಾಯ ಹೇಳಿ ನಿರ್ಧಾರವನ್ನು ಸಭೆಗೆ ಬಿಟ್ಟರು. ಕೊನೆಗೆ ಉಳಿದದ್ದು ರಾವ್ ತಂದ ಪಾಠ, ಇಂದಿನ 21ನೇ ವಿಧಿ. ಜನರ ಅಸಮಾಧಾನ ಗೊತ್ತಿದ್ದ ಅಂಬೇಡ್ಕರ್ 1949ರಲ್ಲಿ ಒಂದಷ್ಟು ರಕ್ಷಣೆಗಳ 22ನೇ ವಿಧಿ ಸೇರಿಸಿದರು. ಸೋಜಿಗವೆಂದರೆ, ಬಂಧಿತರಿಗೆ ರಕ್ಷಣೆ ಕೊಡುವ ಆ ವಿಧಿಯ ಹೊಟ್ಟೆಯಲ್ಲೇ ಮುಂಜಾಗ್ರತಾ ಬಂಧನವೂ ಕೂತಿತು.

ಇದನ್ನೆಲ್ಲ ಮುಂಚೆಯೇ ಮೂಸಿದವರೊಬ್ಬರಿದ್ದರು. ಬಂಗಾಳದ ಕಮ್ಯುನಿಸ್ಟ್ ಸದಸ್ಯ ಸೋಮನಾಥ ಲಾಹಿರಿ. ಈ ಮೂಲಭೂತ ಹಕ್ಕುಗಳಲ್ಲಿ ಹಲವನ್ನು ಪೊಲೀಸ್ ಪೇದೆಯ ಕಣ್ಣಿನಿಂದ ನೋಡಿ ಬರೆದಂತಿದೆ ಎಂದು ಅವರು 1947ರ ಏಪ್ರಿಲಿನಲ್ಲೇ ಛೇಡಿಸಿದ್ದರು.

1950, ಮಾರ್ಚ್ 1

ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಫೆಬ್ರವರಿ 11ರಂದು ಸೇಲಂ ಜೈಲಿನಲ್ಲಿ ಗೋಲಿಬಾರ್ ನಡೆದು 22 ಕಮ್ಯುನಿಸ್ಟ್ ಕೈದಿಗಳು ಸತ್ತರು. ಗಣರಾಜ್ಯಕ್ಕೆ ಆಗ 16 ದಿನ.

ಹೊಸ ಸಂವಿಧಾನದೆದುರು ಹಳೆಯ ಬಂಧನ ಕಾನೂನುಗಳು ಕೋರ್ಟುಗಳಲ್ಲಿ ಅಲುಗಾಡತೊಡಗಿದ್ದವು. ಗೃಹ ಸಚಿವ ಸರ್ದಾರ್ ಪಟೇಲರು ಫೆಬ್ರವರಿ 25ರಂದು ಮುಂಜಾಗ್ರತಾ ಬಂಧನ ಮಸೂದೆ ಮಂಡಿಸಿದರು. ಈ ನಿರ್ಧಾರಕ್ಕೆ ಬರುವ ಮೊದಲು ನಿದ್ದೆಯಿಲ್ಲದ ರಾತ್ರಿಗಳನ್ನು ಕಳೆದೆ ಎಂದು ಸದನಕ್ಕೆ ಹೇಳಿದರು. ಹೇಳಿ, ಅದೇ ದಿನ ಪಾಸು ಮಾಡಿಸಿಕೊಂಡರು. ಒಂದೇ ವರ್ಷಕ್ಕೆಂದು ಬಂದ ಆ ಕಾಯ್ದೆ ಅವಧಿ ಹಿಗ್ಗಿಸಿಕೊಳ್ಳುತ್ತ 1969ರ ಕೊನೆಯವರೆಗೆ ಬದುಕಿತು.

ಮಾರ್ಚ್ 1ರಂದು ಜೈಲಿನಲ್ಲೇ ಇದ್ದ ಎಕೆಜಿ ಕೈಗೆ ಹೊಸ ಕಾಯ್ದೆಯಡಿ ಹೊಸ ಆದೇಶ ಬಂತು. ಕೈದಿ ಅವನೇ, ಜೈಲು ಅದೇ, ಕಾಗದ ಮಾತ್ರ ಬೇರೆ. ಅದೇ ದಿನ ಮದ್ರಾಸ್ ಸರ್ಕಾರ ರೊಮೇಶ್ ಥಾಪರ್ ಅವರ ಎಡಪಂಥೀಯ ವಾರಪತ್ರಿಕೆ ‘ಕ್ರಾಸ್ ರೋಡ್ಸ್’ ರಾಜ್ಯದೊಳಗೆ ಬಾರದಂತೆ ನಿಷೇಧಿಸಿತು. ಒಂದೇ ದಿನ ಹೊರಟ ಈ ಎರಡು ಆದೇಶಗಳಿಂದ ಎರಡು ಐತಿಹಾಸಿಕ ಮೊಕದ್ದಮೆಗಳು ಹುಟ್ಟಿದವು. ಥಾಪರ್ ಗೆದ್ದರು. ಎಕೆಜಿ?

ಅವರು 32ನೇ ವಿಧಿಯಡಿ ನೇರ ಸುಪ್ರೀಂ ಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಎಂದರೆ ಅಕ್ರಮ ಬಂಧನದಿಂದ ಬಿಡಿಸಿ ಎಂಬ ಅರ್ಜಿ, ಹಾಕಿದರು. ಪಕ್ಷ ಈ ಸಂವಿಧಾನವನ್ನು ಒಪ್ಪಿರಲಿಲ್ಲ. ನಾಯಕ ಅದರ ಹೆಸರಿನಲ್ಲೇ ಬಿಡುಗಡೆ ಕೇಳಿದರು. ಇದನ್ನು ಇಬ್ಬಂದಿತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಂವಿಧಾನವನ್ನು ನಂಬುವವರಿಗಷ್ಟೇ ಅದರ ರಕ್ಷಣೆ ಎಂದಾಗಿದ್ದರೆ ಅದು ಸಂವಿಧಾನವಾಗದೆ ಒಂದು ಸಂಘದ ಸದಸ್ಯತ್ವದ ಚೀಟಿಯಾಗುತ್ತಿತ್ತು.

ಆರು ನ್ಯಾಯಮೂರ್ತಿಗಳು, ಆರು ತೀರ್ಪು

ಸುಪ್ರೀಂ ಕೋರ್ಟಿಗೆ ಆಗ ಸ್ವಂತ ಕಟ್ಟಡವೂ ಇರಲಿಲ್ಲ. ಸಂಸತ್ ಭವನದೊಳಗೆ ಹಿಂದೆ ರಾಜಮಹಾರಾಜರು ಸಭೆ ಸೇರುತ್ತಿದ್ದ ಸಭಾಂಗಣದಲ್ಲಿ ಕೂರುತ್ತಿತ್ತು. ಇದ್ದವರು ಆರೇ ನ್ಯಾಯಮೂರ್ತಿಗಳು. ಆರೂ ಜನ ಈ ಅರ್ಜಿಗೆ ಕೂತರು.

ಎಕೆಜಿ ಪರ ವಾದಿಸಲು ನಿಂತವರು ಎಂ.ಕೆ. ನಂಬಿಯಾರ್. ಇವರೂ ಹಳೆಯ ದಕ್ಷಿಣ ಕನ್ನಡದವರೇ, ಕಾಞಂಗಾಡಿನ ಮನೆತನ. ವಕೀಲಿ ಬೆಳೆದದ್ದು ಮಂಗಳೂರಿನಲ್ಲಿ, ಮುಂದೆ ಮದ್ರಾಸಿನಲ್ಲಿ. ಮಂಗಳೂರಿನಲ್ಲಿ ಹುಟ್ಟಿದವರೊಬ್ಬರು ಸಂವಿಧಾನದಿಂದ ತೆಗೆಸಿದ್ದನ್ನು ಮಂಗಳೂರಿನ ಬಾರಿನಿಂದ ಬಂದವರೊಬ್ಬರು ಮತ್ತೆ ಒಳಗೆ ತರಲು ವಾದಿಸಿದರು.

ನಂಬಿಯಾರರ ವಾದ ಹೀಗಿತ್ತು. 21ನೇ ವಿಧಿಯಲ್ಲಿರುವ ‘ಕಾನೂನು’ ಎಂದರೆ ಶಾಸನಸಭೆ ಗೀಚಿದ್ದೆಲ್ಲ ಅಲ್ಲ, ಅದರೊಳಗೆ ಸಹಜ ನ್ಯಾಯದ ತತ್ವಗಳು ಇರಲೇಬೇಕು. ಆಪಾದನೆ ಏನೆಂದು ತಿಳಿಸಬೇಕು, ಉತ್ತರ ಕೇಳಬೇಕು, ಪಕ್ಷಪಾತವಿಲ್ಲದವರು ತೀರ್ಮಾನಿಸಬೇಕು. ಇನ್ನೊಂದು, ಮನುಷ್ಯನನ್ನು ಕೂಡಿಹಾಕಿದರೆ 19ನೇ ವಿಧಿಯ ಓಡಾಟದ ಹಕ್ಕೂ ಹೋಗುತ್ತದೆ. ಆ ನಿರ್ಬಂಧ ಸಮಂಜಸವೇ ಎಂದು ಕೋರ್ಟು ನೋಡಬೇಕು.

1950ರ ಮೇ 19ರಂದು ತೀರ್ಪು ಬಂತು. ಆರೂ ಮಂದಿ ಬೇರೆ ಬೇರೆಯಾಗಿ ಬರೆದರು. ಬಹುಮತದ ಪ್ರಕಾರ ಕಾನೂನು ಎಂದರೆ ಸಂಸತ್ತು ಮಾಡಿದ ಕಾನೂನು. ಅದು ನ್ಯಾಯವೋ ಅನ್ಯಾಯವೋ ಎಂದು ಕೇಳುವುದು ಕೋರ್ಟಿನ ಕೆಲಸವಲ್ಲ. 19, 21, 22ನೇ ವಿಧಿಗಳು ಒಂದಕ್ಕೊಂದು ಸಂಬಂಧವಿಲ್ಲದ ಬೇರೆ ಬೇರೆ ಕೋಣೆಗಳು.

ನ್ಯಾ. ಎಸ್.ಆರ್. ದಾಸ್ ಇಂಗ್ಲೆಂಡಿನ ಹಳೆಯ ಪ್ರಸಂಗವೊಂದನ್ನು ಎತ್ತಿದರು. ಎಂಟನೇ ಹೆನ್ರಿಯ ಕಾಲದಲ್ಲಿ ರೋಚೆಸ್ಟರ್ ಬಿಷಪ್ಪನ ಮನೆಯ ಅಡುಗೆಯವನನ್ನು ಕುದಿಯುವ ಹಂಡೆಗೆ ಹಾಕಿ ಕೊಲ್ಲಬೇಕೆಂದು ಅಲ್ಲಿನ ಸಂಸತ್ತು ಕಾನೂನನ್ನೇ ಮಾಡಿತ್ತು. ನಮ್ಮ ಶಾಸಕಾಂಗದ ಶಿಕ್ಷೆ ನ್ಯಾಯಾಲಯದ ನ್ಯಾಯಪ್ರಜ್ಞೆಗೆ ಎಷ್ಟೇ ಆಘಾತಕಾರಿಯಾದರೂ ಅದು ಇಲ್ಲಿ ಅಪ್ರಸ್ತುತ ಎಂಬುದು ಅವರ ನಿಲುವು. ತರ್ಕ ಎಲ್ಲೂ ಮುಕ್ಕಾಗದು. ಓದಿದವರಿಗೆ ಚಳಿ ಹತ್ತುತ್ತದೆ, ಅಷ್ಟೇ.

ಅರ್ಜಿ ವಜಾ. ಒಂದೇ ಒಂದು ಗೆಲುವು ಸಿಕ್ಕಿತು. ಬಂಧನದ ಕಾರಣಗಳನ್ನು ಕೋರ್ಟಿಗೂ ತಿಳಿಸಬಾರದು, ತಿಳಿಸಿದರೆ ಶಿಕ್ಷೆ ಎನ್ನುತ್ತಿದ್ದ ಕಾಯ್ದೆಯ 14ನೇ ಕಲಮನ್ನು ಆರೂ ಮಂದಿ ಒಮ್ಮತದಿಂದ ಕಿತ್ತುಹಾಕಿದರು.

ಬಾಕ್ಸ್: ಕನ್ನಡಿಗರಿಗೆ ಗೊತ್ತಿರುವ ಆ ಇಬ್ಬರು

ಪೀಠದಲ್ಲಿದ್ದವರು: ಮುಖ್ಯ ನ್ಯಾಯಮೂರ್ತಿ ಹರಿಲಾಲ್ ಕನಿಯಾ, ಸೈಯದ್ ಫಜಲ್ ಅಲಿ, ಪತಂಜಲಿ ಶಾಸ್ತ್ರಿ, ಮೆಹರ್ ಚಂದ್ ಮಹಾಜನ್, ಬಿ.ಕೆ. ಮುಖರ್ಜಿ, ಎಸ್.ಆರ್. ದಾಸ್.

ಕೆಲವು ಬಗೆಯ ಬಂಧಿತರನ್ನು, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ತಾರದೆ ಒಂದು ವರ್ಷದವರೆಗೆ ಇಡಬಹುದೆಂಬ ಕಾಯ್ದೆಯ 12ನೇ ಕಲಂ ಸಂವಿಧಾನ ವಿರೋಧಿ ಎಂದವರು ಇಬ್ಬರೇ, ಫಜಲ್ ಅಲಿ ಮತ್ತು ಮಹಾಜನ್. ಹಕ್ಕುಗಳೆಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ, ಕಾರ್ಯವಿಧಾನದೊಳಗೆ ಸಹಜ ನ್ಯಾಯವೂ ಇದೆ ಎಂದು ಇನ್ನೂ ಮುಂದೆ ಹೋದವರು ಫಜಲ್ ಅಲಿ.

ಮುಂದೆ ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೆ ಕೊಟ್ಟಿತು. 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸೇರಬೇಕೆಂದಿತು. ಆ ಹೊತ್ತಿನಲ್ಲಿ ಕಾಸರಗೋಡಿನ ಸಂಸದರು ಯಾರೆಂದು ಊಹಿಸಿ: ಎ.ಕೆ. ಗೋಪಾಲನ್!

ಅದೇ ಕಟ್ಟಡ, ಬೇರೆ ಬಾಗಿಲು

1951ರಲ್ಲಿ ಎಕೆಜಿ ಹೊರಬಂದರು. ಅಷ್ಟರಲ್ಲಿ ಪಕ್ಷ ಸಶಸ್ತ್ರ ಕ್ರಾಂತಿಯ ಹಾದಿ ಬಿಟ್ಟು ಚುನಾವಣೆಯ ಕಡೆಗೆ ಹೊರಳಿತ್ತು. 1952ರಲ್ಲಿ ಕಣ್ಣೂರಿನಿಂದ ಅವರು ಲೋಕಸಭೆಗೆ ಆರಿಸಿ ಬಂದರು. ಅಧಿಕೃತ ವಿರೋಧ ಪಕ್ಷದ ನಾಯಕ ಎಂಬ ಸ್ಥಾನ ಆಗ ಇರಲಿಲ್ಲ. ಆದರೆ ಕಾಂಗ್ರೆಸ್ಸಿನ ಎದುರು ಕೂತವರಲ್ಲಿ ದೊಡ್ಡ ಗುಂಪು ಕಮ್ಯುನಿಸ್ಟರದು, ಅದರ ಮುಂದಾಳು ಎಕೆಜಿ.

ಸುಪ್ರೀಂ ಕೋರ್ಟು 1958ರವರೆಗೆ ಸಂಸತ್ ಭವನದಲ್ಲೇ ಇತ್ತು. ತನ್ನ ಅರ್ಜಿಯನ್ನು ವಜಾ ಮಾಡಿದ ಕೋರ್ಟಿನ ಸೂರಿನಡಿಯಲ್ಲೇ, ತನ್ನನ್ನು ಒಳಗಿಟ್ಟ ಕಾಯ್ದೆಯನ್ನು ವಿರೋಧಿಸುವ ಪಕ್ಷದ ಮುಂದಾಳಾಗಿ ಆ ಮಾಜಿ ಕೈದಿ ವರ್ಷಗಟ್ಟಲೆ ಕೂತರು.

1957, 1962, 1967. ಮೂರು ಬಾರಿ ಕಾಸರಗೋಡು ಅವರನ್ನು ಕಳಿಸಿತು. ಈ ಮಾತು ಕನ್ನಡಿಗರಾದ ನಮಗೆ ಅಷ್ಟು ಸಲೀಸಾಗಿ ಗಂಟಲಿಗಿಳಿಯುವುದಿಲ್ಲ. ಎಕೆಜಿಯ ಪಕ್ಷ ಐಕ್ಯ ಕೇರಳದ ಪರ. ಅವರದೇ ಕ್ಷೇತ್ರದ ಉತ್ತರದ ಅಂಚಿನಲ್ಲಿ, ಮಂಜೇಶ್ವರದಲ್ಲಿ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆನ್ನುವವರು ಗೆಲ್ಲುತ್ತಿದ್ದರು. 1957ರಲ್ಲಿ ಎಂ. ಉಮೇಶ ರಾವ್ ಅವಿರೋಧ, ಆಮೇಲೆ ಕಳ್ಳಿಗೆ ಮಹಾಬಲ ಭಂಡಾರಿ ಮತ್ತೆ ಮತ್ತೆ. ಕಯ್ಯಾರ ಕಿಞ್ಞಣ್ಣ ರೈಯವರಂಥ ಕವಿ ಅದೇ ನೆಲದಲ್ಲಿ ವಿಲೀನದ ಹೋರಾಟ ನಡೆಸುತ್ತಿದ್ದರು. ಚಂದ್ರಗಿರಿಯ ದಕ್ಷಿಣದಲ್ಲಿ ಎಕೆಜಿ ಜನನಾಯಕ. ಉತ್ತರದಲ್ಲಿ, ಗಡಿಯ ವಿಷಯ ಬಂದಾಗ, ಎದುರಾಳಿ. ಎರಡೂ ನಿಜ.

ಲೋಕಸಭೆಯಲ್ಲಿ ಕೂತ ಮೇಲೂ ಅವರಿಗೆ ಬೀದಿ ತಪ್ಪಲಿಲ್ಲ. 1961ರಲ್ಲಿ ಇಡುಕ್ಕಿಯ ಕಡೆ ಅಯ್ಯಪ್ಪನ್‌ಕೋವಿಲಿನಿಂದ ಎಬ್ಬಿಸಿದ ರೈತ ಕುಟುಂಬಗಳನ್ನು ಮಳೆಗಾಲದಲ್ಲಿ ಕುಮಳಿಯ ಬಳಿಯ ಅಮರಾವತಿಯಲ್ಲಿ ತಂದು ಬಿಟ್ಟಾಗ ಅಲ್ಲಿಗೇ ಹೋಗಿ ಉಪವಾಸ ಕೂತರು. ಪಕ್ಷ ಒಡೆದ 1964ರ ಕೊನೆಗೆ ಮತ್ತೆ ಸೆರೆ, ಭಾರತ ರಕ್ಷಣಾ ನಿಯಮಗಳಡಿ. ಮತ್ತೆ ಸುಪ್ರೀಂ ಕೋರ್ಟು. ಮತ್ತೆ ಸೋಲು.

ಬಾಕ್ಸ್: ಬೆಂಗಳೂರಿನ ಕಾಫಿ ಬಟ್ಟಲಲ್ಲಿ ಎಕೆಜಿ

1950ರ ದಶಕದ ನಡುವಿನಲ್ಲಿ ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಿತು. ಸಪ್ಲೈಯರುಗಳು, ಅಡುಗೆಯವರು ಬೀದಿಪಾಲಾಗುವ ಹೊತ್ತು. ಅವರ ಸಂಘಟನೆಯ ಬೆನ್ನಿಗಿದ್ದ ಎಕೆಜಿ ಕೊಟ್ಟ ಉಪಾಯ ಸರಳ: ಬೋರ್ಡಿಗೆ ಬೇಡವಾದರೆ ನೀವೇ ನಡೆಸಿ.

ಕಾರ್ಮಿಕರ ಮೊದಲ ಸಹಕಾರ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ, 1957ರ ಆಗಸ್ಟ್ 19ರಂದು. ಆಮೇಲೆ ದೆಹಲಿ, ತ್ರಿಶೂರು, ಇನ್ನೂ ಹಲವು ಕಡೆ. ಎಂ.ಜಿ. ರಸ್ತೆಯಲ್ಲಿದ್ದ, 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋದ ಕಾಫಿ ಹೌಸಿನಲ್ಲಿ ಮಸಾಲೆ ದೋಸೆ ತಿಂದು ಹರಟಿದ ಎಷ್ಟೋ ಮಂದಿಗೆ ರುಮಾಲು ಸುತ್ತಿದ ಸಪ್ಲೈಯರೇ ಅದರ ಮಾಲೀಕರಲ್ಲೊಬ್ಬ ಎಂಬುದು ಗೊತ್ತಿರಲಿಲ್ಲ.

ಸೋತ ವಾದ ಗೆದ್ದದ್ದು

1975ರ ಜೂನ್. ತುರ್ತು ಪರಿಸ್ಥಿತಿ. ಈ ಸಲ ಬಂಧನದ ಕಾಯ್ದೆಯ ಹೆಸರು ಮೀಸಾ. ಎಕೆಜಿಗೆ 70 ದಾಟಿತ್ತು. ಅವರನ್ನೂ ಹಿಡಿದು ಒಂದು ವಾರ ಇಟ್ಟುಕೊಂಡು ಬಿಟ್ಟರು. ಜುಲೈನಲ್ಲಿ ಲೋಕಸಭೆ ಸೇರಿದಾಗ ಎದ್ದು ನಿಂತು, ಎಷ್ಟೋ ಸದಸ್ಯರ ಜಾಗ ಖಾಲಿ ಇರುವುದನ್ನು ತೋರಿಸಿ ಇಂದಿರಾ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡರು.

ಬೆಂಗಳೂರಿಗೆ ಬಂದಿದ್ದಾಗ ಬಂಧಿತರಾದ ವಾಜಪೇಯಿ, ಆಡ್ವಾಣಿ ಇಲ್ಲಿನ ಸೆಂಟ್ರಲ್ ಜೈಲಿನಲ್ಲಿದ್ದರು. ಅವರ ಅರ್ಜಿಗಳು ಕರ್ನಾಟಕ ಹೈಕೋರ್ಟಿನಲ್ಲಿದ್ದವು. 25 ವರ್ಷ ಹಿಂದೆ ಕೆಂಪು ಬಾವುಟದ ಗೋಪಾಲನ್ ನಿಂತಿದ್ದ ಜಾಗದಲ್ಲಿ ಈಗ ಕೇಸರಿಯವರು. ಬಂಧನದ ಕಾಯ್ದೆಗೆ ಬಣ್ಣದ ಭೇದವಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ಹೇಬಿಯಸ್ ಕಾರ್ಪಸ್ ಕೇಳುವಂತೆಯೇ ಇಲ್ಲ ಎಂದಿತು. ಒಪ್ಪದೆ ಬರೆದವರು ಎಚ್.ಆರ್. ಖನ್ನಾ ಒಬ್ಬರೇ.

1977ರ ಮಾರ್ಚಿನಲ್ಲಿ ಇಂದಿರಾ ಸೋತರು. 21ರಂದು ತುರ್ತು ಪರಿಸ್ಥಿತಿ ತೆರವಾಯಿತು. ಮರುದಿನ, ಮಾರ್ಚ್ 22ರಂದು ಎಕೆಜಿ ತೀರಿಕೊಂಡರು.

ಹತ್ತು ತಿಂಗಳ ಬಳಿಕ, 1978ರ ಜನವರಿ 25ರಂದು ಮೇನಕಾ ಗಾಂಧಿ ಪ್ರಕರಣದ ತೀರ್ಪು. ಪಾಸ್‌ಪೋರ್ಟ್ ಕಿತ್ತುಕೊಂಡಿದ್ದು ಜನತಾ ಸರ್ಕಾರ, ಅರ್ಜಿದಾರಳು ಇಂದಿರಾ ಸೊಸೆ. ಕಾರ್ಯವಿಧಾನ ಎಂದರೆ ಅದು ನ್ಯಾಯೋಚಿತವೂ ಸಮಂಜಸವೂ ಆಗಿರಬೇಕು, ಹಕ್ಕುಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂದಿತು ಏಳು ಮಂದಿಯ ಪೀಠದ ಬಹುಮತ. ನಂಬಿಯಾರ್ 1950ರಲ್ಲಿ ಕೇಳಿದ್ದು ಇದನ್ನೇ, ಫಜಲ್ ಅಲಿ ಒಂಟಿಯಾಗಿ ಬರೆದದ್ದೂ ಇದನ್ನೇ. 1970ರ ಬ್ಯಾಂಕ್ ರಾಷ್ಟ್ರೀಕರಣ ಪ್ರಕರಣದಲ್ಲೇ ಗೋಪಾಲನ್ ತೀರ್ಪಿಗೆ ಬಿರುಕು ಬಿದ್ದಿತ್ತು. ಈಗ ಗೋಡೆ ಕುಸಿಯಿತು.

ಆ ಏಳು ಮಂದಿಯಲ್ಲಿ ಒಬ್ಬರು ಎಸ್. ಮುರ್ತಜಾ ಫಜಲ್ ಅಲಿ, 1950ರ ಫಜಲ್ ಅಲಿಯವರ ಮಗ. ಇನ್ನೊಬ್ಬರು ವಿ.ಆರ್. ಕೃಷ್ಣ ಅಯ್ಯರ್. ತಲಶ್ಶೇರಿಯಲ್ಲಿ ವಕೀಲರಾಗಿದ್ದಾಗ ಕಮ್ಯುನಿಸ್ಟರ ಕೇಸು ಹಿಡಿದ ತಪ್ಪಿಗೆ 1948ರಲ್ಲಿ ಸುಮಾರು ಒಂದು ತಿಂಗಳು ಸೆರೆಯಲ್ಲಿದ್ದವರು. ಮುಂಜಾಗ್ರತಾ ಬಂಧನ ಎಂದರೇನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನೊಂದು ತಿರುವು ಉಳಿದಿದೆ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆಯನ್ನು ಒಂಬತ್ತು ನ್ಯಾಯಮೂರ್ತಿಗಳ ಮುಂದೆ ತಂದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಗೋಪಾಲನ್ ತೀರ್ಪಿನ ನೆರಳು ಬಿದ್ದಿದ್ದ ಹಳೆಯ ತೀರ್ಪುಗಳೂ ಅಂದು ತೊಲಗಿದವು. ಅಲ್ಲಿ ಸರ್ಕಾರದ ಪರ ನಿಂತು ಹಕ್ಕಿನ ವ್ಯಾಪ್ತಿ ಕಡಿಮೆ ಇರಲಿ ಎಂದು ವಾದಿಸಿದ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್. ಮಂಗಳೂರಿನಲ್ಲಿ ಬೆಳೆದವರು, ಬೆಳಗಾವಿಯಲ್ಲಿ ಕಾನೂನು ಓದಿದವರು, ಎಂ.ಕೆ. ನಂಬಿಯಾರ್ ಅವರ ಮಗ. ಅಪ್ಪ ಸೋತು ಸರಿಯಾಗಿದ್ದರು, ಮಗನೂ ಸೋತರು. ವಕೀಲಿಯಲ್ಲಿ ಇದೆಲ್ಲ ಇದ್ದದ್ದೇ.

ಕಾಯ್ದೆ ಸತ್ತಿಲ್ಲ

ಮೇನಕಾ ತೀರ್ಪಿನ ಮೇಲೆ ಮುಂಜಾಗ್ರತಾ ಬಂಧನ ಹೋಯಿತು ಎಂದುಕೊಂಡರೆ ತಪ್ಪು. 22ನೇ ವಿಧಿ ಹಾಗೇ ಇದೆ. ಕರ್ನಾಟಕದ ಗೂಂಡಾ ಕಾಯ್ದೆ 1985ರದು. ಕೇರಳದಲ್ಲಿ ಸಮಾಜವಿರೋಧಿಗಳನ್ನು ಮುಂಜಾಗ್ರತೆಯಾಗಿ ಹಿಡಿದಿಡುವ ಕಾಯ್ದೆ 2007ರಲ್ಲಿ ಬಂತು. ಆಗ ಅಲ್ಲಿ ಆಡಳಿತ ಯಾರದು? ಎಕೆಜಿಯ ಹೆಸರನ್ನು ಕೇಂದ್ರ ಕಚೇರಿಗೆ ಇಟ್ಟುಕೊಂಡ ಪಕ್ಷದ ನೇತೃತ್ವದ ರಂಗದ್ದು.

ಮೇನಕಾ ತೀರ್ಪು ಬಂದ ವರ್ಷವೇ ಜನತಾ ಸರ್ಕಾರ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದಿತು. ಸಲಹಾ ಮಂಡಳಿಯ ಒಪ್ಪಿಗೆಯಿಲ್ಲದೆ ಹಿಡಿದಿಡುವ ಅವಧಿ ಮೂರು ತಿಂಗಳಿಂದ ಎರಡಕ್ಕೆ ಇಳಿಯಬೇಕು, ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನ ಮೇಲೆ ರಚಿಸಬೇಕು, ಮಂಡಳಿಯನ್ನೇ ತಪ್ಪಿಸಿ ಹಿಡಿದಿಡುವ ಅವಕಾಶ ಹೋಗಬೇಕು. ಎಕೆಜಿಯ ಅರ್ಜಿಯಲ್ಲಿ ಫಜಲ್ ಅಲಿ, ಮಹಾಜನ್ ಇಬ್ಬರಿಗೂ ಸರಿಕಾಣದಿದ್ದದ್ದು ಈ ಕೊನೆಯ ಅವಕಾಶವೇ. ಸಂಸತ್ತು ಒಪ್ಪಿತು, ರಾಷ್ಟ್ರಪತಿ ಅಂಕಿತ ಹಾಕಿದರು. ತಿದ್ದುಪಡಿಯ ಉಳಿದ ಭಾಗಗಳೆಲ್ಲ ಜಾರಿಗೆ ಬಂದವು. ಈ ಒಂದು ಸೆಕ್ಷನ್ ಯಾವ ದಿನದಿಂದ ಜಾರಿ ಎಂಬ ಅಧಿಸೂಚನೆಯನ್ನು ಮಾತ್ರ ಕೇಂದ್ರ ಸರ್ಕಾರ ಹೊರಡಿಸಬೇಕಿತ್ತು. ಅಂದಿನಿಂದ ದೆಹಲಿಯಲ್ಲಿ ಕಾಂಗ್ರೆಸ್ಸು, ಜನತಾ ದಳ, ಬಿಜೆಪಿ, ಎಡಪಕ್ಷಗಳ ಬೆಂಬಲದಲ್ಲಿ ನಿಂತ ಸಮ್ಮಿಶ್ರ ಸರ್ಕಾರಗಳು ಎಲ್ಲವೂ ಬಂದು ಹೋಗಿವೆ. ಆ ಅಧಿಸೂಚನೆ ಇನ್ನೂ ಬಂದಿಲ್ಲ.